ಕಿಸೆಯ ಚಾಕುವಿಗೆ ಮೊನೆ ಎಷ್ಟು ಬೇಕು?



ಕಳೆದ ಸಂಚಿಕೆಯಲ್ಲಿ ಪತ್ರೊಡೆಯ ಬಗ್ಗೆ ಬರೆದದ್ದಕ್ಕೆ ನಿಮ್ಮ ತಾಯಂದಿರಿಂದ ಪತ್ರಗಳು ಬಂದವು, ನಿಮ್ಮಿಂದ ಒಂದೂ ಬರಲಿಲ್ಲ. ಆದ್ದರಿಂದ ಈ ಸಲ ನಿಮ್ಮ ತಾಯಂದಿರು ಮೂಗು ಮುರಿಯುವಂಥ, ನೀವು ಕಣ್ಣರಳಿಸುವಂಥ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಚಾಕು! ಅಡುಗೆಮನೆಯ ಚಾಕುವಲ್ಲ, ಮಡಚಿ ಕಿಸೆಗೆ ಹಾಕಿಕೊಂಡು ದಿನವೂ ತಿರುಗಾಡುವ ಸಣ್ಣ ಚಾಕು. ಐವತ್ತು ದಾಟಿದ ಗೃಹಿಣಿಗೆ ಇದರ ಗೊಡವೆ ಯಾಕೆ ಬಂತು ಎಂದು ಕೇಳುವಿರಾದರೆ, ಒಂದು ಸೀರೆಯ ಕಥೆ ಹೇಳಬೇಕಾಗುತ್ತದೆ.

ನನ್ನ ಅಮ್ಮನಿಗೆ ಈ ವರ್ಷ ಎಂಬತ್ತು ತುಂಬಿತು. ಅಮ್ಮ ಇರುವುದು ಡೊಂಬಿವಲಿಯಲ್ಲಿ, ಅಕ್ಕನ ಮನೆಯಲ್ಲಿ. ನನ್ನ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಅವಳು ಅಮ್ಮಮ್ಮನಿಗೆಂದು ಊರಿನಿಂದ ಒಂದು ಉಡುಪಿ ಸೀರೆಯನ್ನು ಪಾರ್ಸೆಲ್ ಮಾಡಿಸಿದ್ದಳು. ಉಡುಪಿ ಸೀರೆ ಎಂದರೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ. ತೆಳ್ಳಗಿನ ಹತ್ತಿ ನೂಲಿನ ಕೈಮಗ್ಗದ ಸೀರೆ ಅದು, ನಮ್ಮ ಕರಾವಳಿಯ ಸೆಕೆಗೆಂದೇ ಹುಟ್ಟಿದ್ದು. ನೇಯುವ ಕೈಗಳು ಬೆರಳೆಣಿಕೆಗೆ ಇಳಿದಿದ್ದವು. 2016ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅಮ್ಮ ಮದುವೆಯಾದ ಹೊಸತರಲ್ಲಿ ಉಡುತ್ತಿದ್ದದ್ದು ಅಂಥದ್ದನ್ನೇ. ಮುಂಬಯಿಗೆ ಬಂದ ಮೇಲೆ ಉಟ್ಟದ್ದು ನನಗೆ ನೆನಪಿಲ್ಲ.

ಪಾರ್ಸೆಲ್ ಬಂದಾಗ ಮನೆ ತುಂಬ ಜನ. ಅಕ್ಕನ ಮಗ ಅದೇ ವಾರ ಮೊದಲ ಸಂಬಳದಲ್ಲಿ ಒಂದು ಚಾಕು ತರಿಸಿಕೊಂಡಿದ್ದ. ಕಪ್ಪು ಬಣ್ಣ, ಮುಂದೆ ಸೂಜಿಯಂತೆ ಚೂಪು, ಹೆಬ್ಬೆರಳಲ್ಲಿ ಒತ್ತಿದರೆ ಟಕ್ ಎಂದು ತೆರೆದುಕೊಳ್ಳುವುದು. "ನಾನು ಬಿಚ್ಚುತ್ತೇನೆ ಅಮ್ಮಮ್ಮ" ಎಂದು ಮುಂದೆ ಬಂದ. ಪೆಟ್ಟಿಗೆಯ ಮೇಲೆ ಮೂರು ಸುತ್ತು ಟೇಪು. ಮೊನೆಯನ್ನು ಊರಿ ಒಂದು ಎಳೆತ ಎಳೆದ. ಬೆಣ್ಣೆ ಕೊಯ್ದಂತೆ ಕೊಯ್ದಿತು. ಹುಡುಗರೆಲ್ಲ "ವಾಹ್" ಎಂದರು.

ಅಮ್ಮ ಸೀರೆಯನ್ನು ಬಿಡಿಸಿದರು. ಮೊದಲ ಮಡಿಕೆಯಲ್ಲಿ ನಾಲ್ಕು ಬೆರಳು ಉದ್ದದ ಸೀಳು. ಎರಡನೆಯದರಲ್ಲಿ ಮೂರು ಬೆರಳು. ಬಿಡಿಸುತ್ತಾ ಹೋದಂತೆ ಅದೇ ಗೀರು ಕಿರಿದಾಗುತ್ತ, ಕಿರಿದಾಗುತ್ತ, ಏಳನೆಯ ಮಡಿಕೆಯಲ್ಲಿ ಒಂದು ಅಕ್ಕಿಕಾಳಿನಷ್ಟಾಗಿ ನಿಂತಿತ್ತು. ಮೆಟ್ಟಿಲಿನಂತೆ ಏಳು ಸೀಳುಗಳು. ಯಾರೂ ಮಾತಾಡಲಿಲ್ಲ. ಅಮ್ಮ ಮಾತ್ರ ಸೀರೆಯನ್ನು ಮತ್ತೆ ಮಡಚಿ, "ನೆರಿಗೆಯೊಳಗೆ ಹೋಗುತ್ತದೆ ಬಿಡು ಮಗಾ" ಎಂದರು. ಅವನು ಆ ದಿನ ಪಾಯಸ ಮುಟ್ಟಲಿಲ್ಲ.

ಅಕ್ಕನದು ಒಂದೇ ತೀರ್ಪು: "ನಾಳೆಯೇ ಅದನ್ನು ಬಿಸಾಡು. ಕಿಸೆಯಲ್ಲಿ ಚಾಕು ಇಟ್ಟುಕೊಂಡು ತಿರುಗಲು ನೀನೇನು ರೌಡಿಯಾ?" ಅಮ್ಮ ತನ್ನ ಎಂದಿನ ಗಾದೆ ಹೇಳಿದರು, ಚಿನ್ನದ ಚೂರಿ ಎಂದು ಹೊಟ್ಟೆಗೆ ಚುಚ್ಚಿಕೊಳ್ಳುತ್ತಾರಾ ಎಂದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವನು ನನ್ನ ಬಳಿ ಬಂದು, "ಚಿಕ್ಕಮ್ಮ, ತಪ್ಪು ನನ್ನ ಕೈಯದ್ದಾ, ಚಾಕುವಿನದ್ದಾ?" ಎಂದು ಕೇಳಿದ. ಕಣ್ಣು ಕೆಂಪಾಗಿತ್ತು. ಇಪ್ಪತ್ಮೂರು ವರ್ಷದ ಹುಡುಗ. ಅವನಿಗೆ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತಿದ್ದೇನೆ.

ಅಮ್ಮನ ಎಲೆಅಡಿಕೆ ಪೆಟ್ಟಿಗೆಯಲ್ಲಿ ನಮ್ಮ ಅಪ್ಪನ ಚಾಕು ಇದೆ. ಅದನ್ನು ತೆಗೆದು ಅವನ ಮುಂದಿಟ್ಟೆ. ಅಪ್ಪ ಕುಂದಾಪುರದ ಕಡೆಯ ಒಂದು ಹಳ್ಳಿಯಲ್ಲಿ ಪೋಸ್ಟ್ ಮಾಸ್ಟರ್ ಆಗಿದ್ದವರು. ಅವರ ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿ ದುಡಿದು ಊರಿಗೆ ಮರಳುವಾಗ ತಂದದ್ದಂತೆ ಈ ಚಾಕು. ಎಲುಬಿನ ಹಿಡಿ, ಎರಡು ಅಲಗು, ದೊಡ್ಡ ಅಲಗಿನ ಬುಡದಲ್ಲಿ ಶೆಫೀಲ್ಡ್ ಎಂಬ ಅಕ್ಷರಗಳು ಅರ್ಧ ಸವೆದು ಉಳಿದಿವೆ. ನಾನು ಬಿ.ಎ.ಯಲ್ಲಿ ಇಂಗ್ಲಿಷ್ ತೆಗೆದುಕೊಂಡವಳು. ಚಾಸರ್ ಕವಿಯ ಕ್ಯಾಂಟರ್‌ಬರಿ ಕಥೆಗಳಲ್ಲಿ ಒಬ್ಬ ಹಿಟ್ಟಿನ ಗಿರಣಿಯವನು ಬರುತ್ತಾನೆ, ಕಾಲುಚೀಲದಲ್ಲಿ ಶೆಫೀಲ್ಡಿನ ಚಾಕು ಸಿಕ್ಕಿಸಿಕೊಂಡು ಜಂಬದಿಂದ ತಿರುಗುವವನು. ಹದಿನಾಲ್ಕನೆಯ ಶತಮಾನದ ಮಾತು. ಕ್ಲಾಸಿನಲ್ಲಿ ಅದನ್ನು ಪಾಠ ಮಾಡಿದ ದಿನ ಮನೆಗೆ ಓಡಿ ಬಂದು ಅಪ್ಪನ ಚಾಕುವನ್ನು ತಿರುಗಿಸಿ ನೋಡಿದ್ದೆ. ಆರುನೂರು ವರ್ಷ ಚಾಕು ಮಾಡಿದ ಊರು, ನಮ್ಮ ಎಲೆಅಡಿಕೆ ಪೆಟ್ಟಿಗೆಯೊಳಗೆ!

ವಿಷಯಕ್ಕೆ ಬರೋಣ. ಬಸ್ಸಿನಲ್ಲಿ ಟಪಾಲು ಚೀಲ ಬಂದಾಗ ಅದರ ಬಾಯಿಗೆ ಹುರಿ ಕಟ್ಟಿ ಅರಗಿನ ಮುದ್ರೆ ಒತ್ತಿರುತ್ತಿದ್ದರು. ಅಪ್ಪ ದೊಡ್ಡ ಅಲಗನ್ನು ಹುರಿಯ ಅಡಿಗೆ ತೂರಿಸಿ ಮೇಲಕ್ಕೆ ಎಳೆದು ಕತ್ತರಿಸುತ್ತಿದ್ದರು. ಆ ಅಲಗಿಗೆ ಮೊನೆಯೇ ಇಲ್ಲ. ಬಾಯಿ ಗೆರೆ ಎಳೆದಷ್ಟು ನೇರ. ಬೆನ್ನು ಮಾತ್ರ ಮುಂದೆ ಹೋಗಿ ಗೊರಸಿನಂತೆ ದುಂಡಾಗಿ ಕೆಳಗಿಳಿದು ಬಾಯಿಯನ್ನು ಸೇರುತ್ತದೆ. ಸಣ್ಣವಳಿದ್ದಾಗ ನಾನೂ ಕೇಳಿದ್ದೆ, ಇದಕ್ಕೆ ಮೊನೆ ಯಾಕಿಲ್ಲ ಅಪ್ಪ ಎಂದು. "ಹುರಿಯ ಹಿಂದೆ ಚೀಲ, ಚೀಲದ ಒಳಗೆ ಊರಿನವರ ಕಾಗದ, ಮನಿಆರ್ಡರು. ನನಗೆ ಹುರಿ ಕಾಣುತ್ತದೆ, ಕಾಗದ ಕಾಣುವುದಿಲ್ಲ" ಎಂದಿದ್ದರು. ಚಾಕು ಆರಿಸುವ ವಿಷಯದಲ್ಲಿ ಇದಕ್ಕಿಂತ ಉಪಯೋಗದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಕತ್ತರಿಸುವ ವಸ್ತು ಯಾವುದು ಎಂದು ಎಲ್ಲರೂ ಯೋಚಿಸುತ್ತಾರೆ. ಅದರ ಹಿಂದೆ ಏನಿದೆ ಎಂದು ಯೋಚಿಸಿದವರು ಕಡಿಮೆ.

ಈಗ ಒಂದು ಚಾಕುವನ್ನು ಅಡ್ಡ ಹಿಡಿದು ನೋಡಿ. ಮೇಲಿನ ದಪ್ಪ ಅಂಚು ಬೆನ್ನು, ಕೆಳಗಿನ ಹರಿತವಾದ ಅಂಚು ಬಾಯಿ, ತುದಿ ಮೊನೆ. ಬಾಯಿ ತುದಿಯ ಕಡೆಗೆ ಮೇಲಕ್ಕೆ ಬಾಗುವ ಭಾಗವನ್ನು ಇಂಗ್ಲಿಷಿನವರು ಹೊಟ್ಟೆ ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ. ಅಂಗಡಿಯವರು ಹೆಸರುಗಳ ಮೇಲೆ ಹೆಸರು ಹೇಳಿ ನಿಮ್ಮನ್ನು ಗಾಬರಿಪಡಿಸಬಹುದು. ನೀವು ಕೇಳಿಕೊಳ್ಳಬೇಕಾದದ್ದು ಎರಡೇ. ಮೊನೆ ಬೆನ್ನಿನ ಹತ್ತಿರ ಇದೆಯೋ, ನಡುವಿನಲ್ಲಿದೆಯೋ, ಬಾಯಿಯ ಮಟ್ಟಕ್ಕೆ ಇಳಿದಿದೆಯೋ? ಹೊಟ್ಟೆ ಇದೆಯೋ, ಇಲ್ಲವೋ?

ಹೊಟ್ಟೆಯ ಉಪಯೋಗ ನಿಮ್ಮ ಅಡುಗೆಮನೆಯಲ್ಲೇ ಇದೆ. ಹಲಗೆಯ ಮೇಲೆ ಕೊತ್ತಂಬರಿ ಹೆಚ್ಚುವಾಗ ಚಾಕುವನ್ನು ತೊಟ್ಟಿಲಿನಂತೆ ತೂಗುತ್ತೇವಲ್ಲ, ಅದಕ್ಕೆ ಬಾಗಿದ ಬಾಯಿ ಬೇಕು. ತಟ್ಟೆಯ ಮೇಲೆ ಹಣ್ಣು ಕೊಯ್ಯಲು, ಬೇಟೆಗಾರನಿಗೆ ತೊಗಲು ಸುಲಿಯಲು ಹೊಟ್ಟೆ ಅನುಕೂಲ. ಆದರೆ ಪೆಟ್ಟಿಗೆಯ ಟೇಪಿನ ಮೇಲೆ ಹೊಟ್ಟೆ ಜಾರುತ್ತದೆ. ಜಾರಿದಾಗ ನಾವು ಏನು ಮಾಡುತ್ತೇವೆ? ಮಣಿಕಟ್ಟನ್ನು ಮೇಲೆತ್ತಿ ಮೊನೆಯನ್ನು ಊರುತ್ತೇವೆ. ಊರಿದ ಮೊನೆ ಎಷ್ಟು ಆಳಕ್ಕೆ ಹೋಯಿತು ಎಂಬುದು ಕೈಗೆ ತಿಳಿಯುವುದಿಲ್ಲ, ಸೀರೆಗೆ ತಿಳಿಯುತ್ತದೆ. ನೇರ ಬಾಯಿಯ ಚಾಕುವಿನಲ್ಲಿ ಆ ತೊಂದರೆ ಕಡಿಮೆ. ಕೈಯ ಒತ್ತಡ ಬುಡದಿಂದ ತುದಿಯವರೆಗೂ ಒಂದೇ ಗೆರೆಯಲ್ಲಿ ಹೋಗುತ್ತದೆ. ಅಲಗನ್ನು ಬಹುತೇಕ ಮಲಗಿಸಿ, ತುದಿಯ ಮೂಲೆಯನ್ನಷ್ಟೇ, ಒಂದು ನೂಲೆಳೆಯಷ್ಟು ಒಳಗಿಟ್ಟು ಎಳೆದರೆ ಟೇಪು ಬಿಚ್ಚಿಕೊಳ್ಳುತ್ತದೆ.

ನನ್ನ ಅಕ್ಕನ ಮಗ ಮೊಬೈಲಿನಲ್ಲಿ ಚಿತ್ರಗಳನ್ನು ಸಾಲಾಗಿ ತೋರಿಸಿದ. ಒಂದೊಂದನ್ನೂ ಅಪ್ಪನ ಪ್ರಶ್ನೆಗೆ ಹಚ್ಚಿ ನೋಡಿದೆವು.

ಅವನು ಕೊಂಡದ್ದು ಕ್ಲಿಪ್ ಪಾಯಿಂಟ್. ಬೆನ್ನಿನ ಮುಂಭಾಗವನ್ನು ಯಾರೋ ಕಚ್ಚಿ ತೆಗೆದಂತೆ ಒಳಕ್ಕೆ ಬಾಗಿ, ಮೊನೆ ತೆಳ್ಳಗೆ ಚೂಪಾಗುತ್ತದೆ. 1836ರಲ್ಲಿ ಅಲಾಮೋ ಕೋಟೆಯಲ್ಲಿ ಸತ್ತ ಜಿಮ್ ಬೋವಿಯ ಹೆಸರು ಹೊತ್ತ ಅಮೆರಿಕದ ಚಾಕುವಿನಿಂದ ಈ ಆಕಾರ ಜನಪ್ರಿಯವಾಯಿತು. ನಮ್ಮ ದೇಶದಲ್ಲಿ ಚೂಪು ಮೊನೆಯ ಮಡಚುವ ಚಾಕುವೆಂದರೆ ರಾಂಪುರಿ. ಎಪ್ಪತ್ತರ ದಶಕದ ಹಿಂದಿ ಸಿನಿಮಾ ನೋಡಿದ ನಿಮ್ಮ ಅಪ್ಪಂದಿರನ್ನು ಕೇಳಿ, ಖಳನಾಯಕ ಕಟಕಟ ಎಂದು ತೆರೆಯುವ ಸದ್ದನ್ನೇ ಮಾಡಿ ತೋರಿಸುತ್ತಾರೆ. ಉತ್ತರ ಪ್ರದೇಶದ ರಾಂಪುರದಲ್ಲಿ 2023ರಲ್ಲಿ ಒಂದು ವೃತ್ತದ ನಡುವೆ ಇಪ್ಪತ್ತು ಅಡಿಯ ಚಾಕುವನ್ನೇ ನಿಲ್ಲಿಸಿದ್ದಾರೆ. ಅದು ಇರಲಿ. ತೆಳು ಮೊನೆ ಚುಚ್ಚುವುದರಲ್ಲಿ ಗಟ್ಟಿಗ, ಉಳಿದದ್ದರಲ್ಲಿ ನಾಜೂಕು. ನಮ್ಮ ಸಂಘದ ರಾಜ್ಯೋತ್ಸವಕ್ಕೆ ವೇದಿಕೆ ಕಟ್ಟುವಾಗ ಹುಡುಗನೊಬ್ಬ ಇಂಥದ್ದೇ ಚಾಕುವಿನಿಂದ ಮೊಳೆ ಎಬ್ಬಿಸಲು ಹೋಗಿ ಮೊನೆಯ ಚೂರು ಹಾರಿ ಪರದೆಯಲ್ಲಿ ಸಿಕ್ಕಿಕೊಂಡಿತ್ತು. ಯಾರ ಕಣ್ಣಿಗೂ ಬೀಳಲಿಲ್ಲ ಎಂಬುದೇ ಪುಣ್ಯ. ದಿನಕ್ಕೆ ಎಷ್ಟು ಸಲ ಏನನ್ನಾದರೂ ಚುಚ್ಚುವ ಕೆಲಸ ಬೀಳುತ್ತದೆ ಎಂದು ಅವನನ್ನು ಕೇಳಿದೆ. ಯೋಚಿಸಿ, "ಇಲ್ಲ ಚಿಕ್ಕಮ್ಮ" ಎಂದ.

ಟ್ಯಾಂಟೋ ಎಂದು ಇನ್ನೊಂದು. ಜಪಾನಿನ ಹೆಸರು, ಉಳಿಯಂತೆ ಮೂಲೆ ಮುರಿದ ಈಗಿನ ಆಕಾರ ಮಾತ್ರ ಅಮೆರಿಕದವರದ್ದು. ನೋಡಲು ಠೀವಿ, ಸೇಬು ಕೊಯ್ಯಲು ಹೋದರೆ ಪಾಡು ಪಡಬೇಕು. ಜಪಾನಿನವರದ್ದೇ ಆದ ಹಿಗೊನೊಕಾಮಿ ಎಂಬ ಸಾದಾ ಮಡಚುವ ಚಾಕು ಇದೆ. ಒಂದು ಅಲಗು, ಒಂದು ಮಡಚಿದ ತಗಡು, ಅಷ್ಟೇ, ನೇರ ಬಾಯಿ. ಒಂದು ಕಾಲದಲ್ಲಿ ಅಲ್ಲಿನ ಶಾಲಾ ಮಕ್ಕಳೆಲ್ಲ ಪೆನ್ಸಿಲ್ ಚೂಪು ಮಾಡುತ್ತಿದ್ದದ್ದು ಅದರಲ್ಲಿ. 1960ರಲ್ಲಿ ಹದಿನೇಳರ ಹುಡುಗನೊಬ್ಬ ವೇದಿಕೆಯ ಮೇಲೆಯೇ ರಾಜಕೀಯ ನಾಯಕ ಅಸಾನುಮಾ ಅವರನ್ನು ಕತ್ತಿಯಿಂದ ಕೊಂದ ಮೇಲೆ, ಮಕ್ಕಳ ಕೈಗೆ ಯಾವ ಚಾಕುವೂ ಬೇಡ ಎಂಬ ಕೂಗು ಎದ್ದಿತು. ಕೊಂದದ್ದು ಒಂದು, ಕಳೆದುಕೊಂಡದ್ದು ಇನ್ನೊಂದು. ನನ್ನ ಅಕ್ಕನ "ಬಿಸಾಡು" ಎಂಬ ಮಾತೂ ಇದೇ ಜಾತಿಯದ್ದು ಎಂದು ನನಗೆ ಅನ್ನಿಸುತ್ತದೆ. ಅಕ್ಕ ಇದನ್ನು ಓದುತ್ತಾಳೆ, ಓದಲಿ!

ಹಾಕ್‌ಬಿಲ್ ಎಂಬುದನ್ನು ತೋರಿಸಿದಾಗ ಅಮ್ಮ ಕನ್ನಡಕ ಏರಿಸಿ, "ಇದು ಕುಡುಗೋಲಲ್ಲವಾ?" ಎಂದರು. ಹೌದು, ಗಿಡುಗನ ಕೊಕ್ಕಿನಂತೆ ಒಳಬಾಗಿದ್ದು. ಹಗ್ಗ, ಬಳ್ಳಿ, ರತ್ನಗಂಬಳಿ ಎಳೆದು ಕೊಯ್ಯಲು ಇದಕ್ಕಿಂತ ಒಳ್ಳೆಯದಿಲ್ಲ. ತೋಟ ಇದ್ದವರಿಗೆ. ನಮಗೆ ಇರುವುದು ಬಾಲ್ಕನಿಯ ಎರಡು ತುಳಸಿ ಕುಂಡ.

ಡ್ರಾಪ್ ಪಾಯಿಂಟ್ ಎಂಬುದನ್ನು ಹೀಗೆ ತಳ್ಳಿಹಾಕುವಂತಿಲ್ಲ. ಬೆನ್ನು ನಿಧಾನವಾಗಿ ಇಳಿದು ಮೊನೆ ಸುಮಾರು ನಡುಮಟ್ಟಕ್ಕೆ ಬರುತ್ತದೆ, ಬೆನ್ನಿನ ದಪ್ಪ ಮೊನೆಯವರೆಗೂ ಉಳಿಯುವುದರಿಂದ ಮುರಿಯುವುದಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಬಾಬ್ ಲವ್‌ಲೆಸ್ ಎಂಬ ಅಮೆರಿಕದ ಕುಶಲಕರ್ಮಿ ಇದನ್ನು ಬೇಟೆಯ ಚಾಕುವಿನಲ್ಲಿ ಜನಪ್ರಿಯ ಮಾಡಿದರು. ಅವರ ಕಾರಣ ನಮ್ಮ ಅಪ್ಪನ ಕಾರಣಕ್ಕೆ ದೂರವಿಲ್ಲ: ತೊಗಲು ಬಿಡಿಸುವಾಗ ಮೊನೆ ತಗ್ಗಿದ್ದರೆ ಒಳಗಿನ ಕರುಳಿಗೆ ತಾಗದು. ನಿಮ್ಮಲ್ಲಿ ಶನಿವಾರ ರಾತ್ರಿ ಲೋಕಲ್ ಹಿಡಿದು ಸಹ್ಯಾದ್ರಿಯ ಕೋಟೆ ಹತ್ತುವವರು ಇದನ್ನು ಕೊಳ್ಳಿ. ದಾರಿಯಲ್ಲಿ ಹಳ್ಳಿಯ ಹೆಂಗಸರು ಮಾರುವ ಸೌತೆಕಾಯಿ ಕೊಯ್ಯಲು, ಬ್ಯಾಂಡೇಜು ಪಟ್ಟಿ ಹರಿಯಲು, ಹಗ್ಗ ತುಂಡರಿಸಲು, ಎಲ್ಲಕ್ಕೂ ತಕ್ಕಮಟ್ಟಿಗೆ ಆಗುತ್ತದೆ. ಸ್ವಿಸ್ ಚಾಕುವಿನ ಸ್ಪಿಯರ್ ಪಾಯಿಂಟ್ ಅಲಗು ಇದರ ನೆಂಟ. ಆ ಕೆಂಪು ಚಾಕು ನಿಮಗೆಲ್ಲ ಗೊತ್ತು. ಕಾರ್ಲ್ ಎಲ್ಸನರ್ ಎಂಬಾತ 1884ರಲ್ಲಿ ಸ್ವಿಟ್ಜರ್ಲೆಂಡಿನ ಹಳ್ಳಿಯೊಂದರಲ್ಲಿ ಕಾರ್ಯಾಗಾರ ತೆರೆದು, 1891ರಲ್ಲಿ ಸೈನ್ಯಕ್ಕೆ ಚಾಕು ಒದಗಿಸಿದ. ತಾಯಿ ವಿಕ್ಟೋರಿಯಾ ತೀರಿಕೊಂಡ 1909ರಲ್ಲಿ ಕಂಪನಿಗೆ ಅವಳ ಹೆಸರಿಟ್ಟ. ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ 1921ರಲ್ಲಿ ಅದು ವಿಕ್ಟೋರಿನಾಕ್ಸ್ ಆಯಿತು. ಚಾಕುವಿಗೆ ಅಮ್ಮನ ಹೆಸರಿಟ್ಟ ಮಗ! ಇದನ್ನು ನಿಮ್ಮ ತಾಯಂದಿರಿಗೆ ತಪ್ಪದೆ ಓದಿ ಹೇಳಿ. ಫ್ರಾನ್ಸಿನ ಒಪಿನೆಲ್ ಚಾಕು 1890ರಿಂದ ಇದೆ, ಮರದ ಹಿಡಿ, ಮೊನೆ ತುಸು ಮೇಲಕ್ಕೆ. ಆದರೆ ಅವರೇ ಮಕ್ಕಳಿಗೆಂದು 7ನೇ ನಂಬರಿನಲ್ಲಿ ಮೊನೆ ದುಂಡು ಮಾಡಿದ್ದನ್ನು ಮಾರುತ್ತಾರೆ. ಬುದ್ಧಿವಂತರು.

ಕೊನೆಗೆ ಬಂದದ್ದು ಅಪ್ಪನ ಅಲಗು, ಶೀಪ್ಸ್‌ಫುಟ್. ಕುರಿಯ ಗೊರಸು ಎಂದೇ ಅರ್ಥ. ಹಾಯಿ ಹಡಗಿನ ನಾವಿಕರು ಇಂಥದ್ದನ್ನು ಇಟ್ಟುಕೊಳ್ಳುತ್ತಿದ್ದರು. ಅಲುಗಾಡುವ ಹಡಗಿನಲ್ಲಿ ಹಗ್ಗ ಕೊಯ್ಯುವಾಗ ಮೊನೆ ಹಾಯಿಗೋ ಪಕ್ಕದವನ ಪಕ್ಕೆಗೋ ತಾಗಬಾರದಲ್ಲ. ಇದರ ತಮ್ಮನಂತೆ ಕಾಣುವ ವಾರ್ನ್‌ಕ್ಲಿಫ್ ಎಂಬುದೂ ಇದೆ. ಶೆಫೀಲ್ಡಿನದ್ದೇ, ಅಲ್ಲಿನ ಪ್ರಭುವೊಬ್ಬನ ಹೆಸರು. ಬಾಯಿ ಇದರಂತೆಯೇ ನೇರ, ಆದರೆ ಬೆನ್ನು ದೂರದಿಂದಲೇ ಇಳಿಯುತ್ತ ಬಂದು ತುದಿಯಲ್ಲಿ ಚೂಪಾದ ಮೊನೆ ಉಳಿಯುತ್ತದೆ. ಗೀಚಿ ಕತ್ತರಿಸುವ ಸೂಕ್ಷ್ಮ ಕೆಲಸಕ್ಕೆ ಚೆನ್ನ. ಎರಡನ್ನೂ ಒಂದೇ ಎಂದು ಮಾರುವವರಿದ್ದಾರೆ, ಕೊಳ್ಳುವಾಗ ತುದಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ.

ಅಕ್ಕನ ಮಗ ಸುಲಭಕ್ಕೆ ಸೋಲುವವನಲ್ಲ. "ಮೊನೆ ಇಲ್ಲದಿದ್ದರೆ ಕಾಲಿಗೆ ಮುಳ್ಳು ಹೊಕ್ಕಾಗ ಏನು ಮಾಡುವುದು?" ಎಂದ. ನಾನು ಕೈ ಮುಂದೆ ಮಾಡಿ ತೋರಿಸಿದೆ. ಬಳೆಯಲ್ಲಿ ಮೂರು ಸೇಫ್ಟಿ ಪಿನ್ನು. ಅದಕ್ಕೇ ಅಲ್ಲವಾ ಮಾರಾಯ ನಾವು ಹೆಂಗಸರು ಇದನ್ನು ಹೊತ್ತು ತಿರುಗುವುದು! ನ್ಯಾಯವಾಗಿ ಹೇಳಬೇಕೆಂದರೆ ಗೊರಸಿನ ಅಲಗಿನಲ್ಲಿ ಕುಂದುಗಳಿವೆ. ಬೆಲ್ಟಿಗೆ ತೂತು ಕೊರೆಯಲು ಆಗದು. ತಟ್ಟೆಯಲ್ಲಿಟ್ಟು ಟೊಮೆಟೊ ಕೊಯ್ಯಲು ಹೊಟ್ಟೆ ಇರುವ ಚಾಕುವಿನಷ್ಟು ಸಲೀಸಲ್ಲ. ಮಾವಿನಹಣ್ಣಿನ ಕೆನ್ನೆ ತೆಗೆಯುವಾಗ ಗೊರಟೆಯ ಸುತ್ತ ಅದು ಬಾಗುವುದಿಲ್ಲ. ಆದರೆ ಅವನ ದಿನ ಹೇಗಿರುತ್ತದೆ? ಆಫೀಸಿಗೆ ಬರುವ ಪೆಟ್ಟಿಗೆಗಳು, ಮನೆಗೆ ಬರುವ ಪೆಟ್ಟಿಗೆಗಳು, ಹಾಲಿನ ಪ್ಯಾಕೆಟ್ಟು, ಹೊಸ ಅಂಗಿಯ ಬೆಲೆಚೀಟಿ, ಗೋಣಿಚೀಲದ ಹೊಲಿಗೆ, ಗಣಪತಿ ಮಂಟಪದ ರಟ್ಟು. ಎಲ್ಲದರ ಹಿಂದೆಯೂ ಕೆಡಬಾರದ ಇನ್ನೊಂದು ವಸ್ತು ಇರುತ್ತದೆ. ಪಟ್ಟಣದ ಬದುಕೇ ಹಾಗೆ, ಎಲ್ಲವೂ ಯಾವುದೋ ಒಂದರೊಳಗೆ ಸುತ್ತಿಕೊಂಡು ಬರುತ್ತದೆ.

ವಸ್ತು ಮಾತ್ರವೂ ಅಲ್ಲ. ಕೆಲವು ವರ್ಷಗಳ ಹಿಂದೆ ಮಾಟುಂಗದ ಮಾರುಕಟ್ಟೆಯ ಹತ್ತಿರ ನಾನು ಬಾಳೆಎಲೆ ಕೊಳ್ಳುತ್ತ ನಿಂತಿದ್ದೆ. ಸ್ಕೂಟರಿನ ಹಿಂದೆ ಕುಳಿತಿದ್ದ ಹುಡುಗಿಯ ದುಪಟ್ಟಾ ಚಕ್ರಕ್ಕೆ ಸುತ್ತಿಕೊಂಡಿತು. ಸಿಗ್ನಲ್ ಬಿಟ್ಟು ಆಗ ತಾನೇ ಹೊರಟಿದ್ದರಿಂದ ವೇಗ ಇರಲಿಲ್ಲ, ಆದರೂ ಅವಳು ಹಿಂದಕ್ಕೆ ಬಾಗಿ ಬಿಲ್ಲಿನಂತಾದಳು, ಬಟ್ಟೆ ಕೊರಳಿಗೆ ಕಚ್ಚಿಕೊಂಡಿತು. ಒಬ್ಬ ಯುವಕ ಕಿಸೆಯಿಂದ ಚಾಕು ತೆಗೆದ. ಚೂಪು ಮೊನೆ. ಬಟ್ಟೆಗೂ ಕೊರಳಿಗೂ ನಡುವೆ ಬೆರಳು ಹಿಡಿಸುವಷ್ಟೂ ಜಾಗವಿಲ್ಲ. ಮೊನೆಯನ್ನು ಅಲ್ಲಿ ತೂರಿಸಲು ಅವನ ಕೈ ನಡುಗಿತು. ನಡುಗದೆ ಏನು ಮಾಡೀತು? ಅಷ್ಟರಲ್ಲಿ ಹೂ ಮಾರುವ ಹೆಂಗಸು ಓಡಿ ಬಂದಳು. ಅವಳ ಕೈಯಲ್ಲಿದ್ದದ್ದು ಮೊನೆ ಮುರಿದುಹೋದ ಹಳೆಯ ಚಾಕು, ಹೂವಿನ ದಂಟು ಕತ್ತರಿಸುವುದು. ಅದರ ಬೆನ್ನನ್ನು ಹುಡುಗಿಯ ಕೊರಳಿಗೆ ಒತ್ತಿ, ಮೊಂಡು ತುದಿಯನ್ನು ಬಟ್ಟೆಯ ಅಡಿಗೆ ಜಾರಿಸಿ, ಬಾಯಿಯನ್ನು ಹೊರಮುಖ ಮಾಡಿ ಒಂದೇ ಎಳೆತಕ್ಕೆ ಹರಿದಳು. ಹುಡುಗಿ ರಸ್ತೆಯಲ್ಲೇ ಕುಳಿತು ಕೆಮ್ಮಿದಳು, ಅತ್ತಳು. ಅವಳ ಕೊರಳಿನಲ್ಲಿ ಬಟ್ಟೆಯ ಬರೆ ಇತ್ತು, ಚಾಕುವಿನ ಗೀರು ಒಂದೂ ಇರಲಿಲ್ಲ. ನೀರಿಗೆ ಬಿದ್ದವರನ್ನು, ಕಾರಿನ ಬೆಲ್ಟಿನಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವವರ ಚಾಕುಗಳಿಗೆ ತುದಿ ಮೊಂಡು ಮಾಡಿರುವುದು ಈ ಕಾರಣಕ್ಕೇ ಎಂದು ಆಮೇಲೆ ಓದಿದೆ. ಹೂವಿನವಳು ಓದಿರಲಿಲ್ಲ.

ಇನ್ನು ಕಾನೂನಿನ ಮಾತು, ಬೇಗ ಮುಗಿಸುತ್ತೇನೆ. ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು, ಮನೆಗೆಲಸ, ಕೃಷಿ ಮುಂತಾದವಕ್ಕೆಂದು ಮಾಡಿದ್ದನ್ನು ಬಿಟ್ಟು, ಆಯುಧಗಳ ಪಟ್ಟಿಗೆ ಸೇರಿಸಿದ್ದಾರೆ. ದೆಹಲಿಯಲ್ಲಿರುವ ಮಕ್ಕಳು ಇನ್ನೂ ಜಾಗ್ರತೆ ಇರಬೇಕು. ಅಲ್ಲಿ 1980ರ ಅಧಿಸೂಚನೆಯೊಂದು ಸ್ಪ್ರಿಂಗಿನಿಂದ, ಬಟನ್ನಿನಿಂದ ಅಥವಾ ಅಂಥ ಯಂತ್ರತಂತ್ರದಿಂದ ತೆರೆಯುವ, 7.62 ಸೆಂಟಿಮೀಟರ್ ಉದ್ದ ಮತ್ತು 1.72 ಸೆಂಟಿಮೀಟರ್ ಅಗಲ ಅಥವಾ ಅದಕ್ಕಿಂತ ಹೆಚ್ಚಿರುವ ಚಾಕುಗಳನ್ನು ನಿರ್ಬಂಧಿಸಿದೆ. ಮುಂಬಯಿಯಲ್ಲಿ 1951ರ ಪೊಲೀಸ್ ಕಾಯಿದೆಯ 37ನೆಯ ಕಲಮಿನಂತೆ ಚಾಕು ಒಯ್ಯುವುದನ್ನು ನಿಷೇಧಿಸುವ ಆದೇಶ ಹೊರಡಿಸಬಹುದು. ಅಂಥ ದಿನಗಳಲ್ಲಿ ಚಾಕುವನ್ನು ಮನೆಯಲ್ಲಿಡಿ. ವಿಮಾನ ಹತ್ತುವಾಗ ಕೈಚೀಲದಲ್ಲಿ ಬೇಡವೇ ಬೇಡ. ನನ್ನ ಲೆಕ್ಕದಲ್ಲಿ ಎರಡೂವರೆ ಇಂಚಿನ ಅಲಗು, ಉಗುರಿನಿಂದ ತೆರೆಯುವಂಥದ್ದು, ಯಾರಿಗೂ ಸಾಕು. ಆತ್ಮರಕ್ಷಣೆಗೆ ಬೇಕು ಎನ್ನುವವರು ದಯವಿಟ್ಟು ಯಾವ ಆಕಾರವನ್ನೂ ಕೊಳ್ಳಬೇಡಿ. ಜಗಳದಲ್ಲಿ ಹೊರಬಂದ ಚಾಕು ಯಾರ ಕೈಗೆ ಹೋಗುತ್ತದೆ ಎಂದು ಯಾರೂ ಬಲ್ಲವರಿಲ್ಲ.

ಸಾಣೆಯ ವಿಷಯ ಒಂದು ಉಳಿಯಿತು. ನೇರ ಬಾಯಿಯ ಚಾಕುವನ್ನು ಹೊಸಬರೂ ಮನೆಯಲ್ಲೇ ಮಸೆಯಬಹುದು, ಕಲ್ಲಿನ ಮೇಲೆ ಒಂದೇ ಓರೆಯಲ್ಲಿ ಎಳೆದರಾಯಿತು; ಹೊಟ್ಟೆ ಇದ್ದರೆ ಬಾಗಿದಲ್ಲಿ ಮಣಿಕಟ್ಟು ಎತ್ತಬೇಕು, ಅಲ್ಲೇ ಎಲ್ಲರೂ ತಪ್ಪುವುದು. ಕಲ್ಲು ಇಲ್ಲದಿದ್ದರೆ ಪಿಂಗಾಣಿ ಕಪ್ಪಿನ ತಳದ ಒರಟು ಅಂಚು ಸಾಕು, ನಾನೇ ಮಾಡಿದ್ದೇನೆ. ಬೀದಿಯ ಸಾಣೆಯವನಿಗೆ ಸಣ್ಣ ಚಾಕು ಕೊಡಬೇಡಿ. ಅವನ ಚಕ್ರದ ವೇಗಕ್ಕೆ ಅಲಗು ಕಾದು, ಸವೆದು, ಎರಡು ವರ್ಷಕ್ಕೆ ಕಡ್ಡಿಯಾಗುತ್ತದೆ. ಮೊಂಡಾದ ಚಾಕು ಹರಿತವಾದದ್ದಕ್ಕಿಂತ ಅಪಾಯ. ಒತ್ತಿ ಒತ್ತಿ ಕೊನೆಗೆ ಜಾರುವುದು ಅದೇ.

ಸೀರೆಯನ್ನು ದಾದರಿನ ಒಬ್ಬ ರಫೂ ಮಾಡುವವರಿಗೆ ಕೊಟ್ಟೆವು. ಕೊನೆಯ ಮೂರು ಸೀಳುಗಳು ಹುಡುಕಿದರೂ ಸಿಗದಂತೆ ಮುಚ್ಚಿದರು. ಮೊದಲ ನಾಲ್ಕು ಗಾಯದ ಗುರುತಿನಂತೆ ಉಳಿದಿವೆ. ಅಮ್ಮ ಅದನ್ನು ಉಡುತ್ತಾರೆ. ಎರಡು ನೆರಿಗೆಯೊಳಗೆ ಹೋಗುತ್ತವೆ, ಎರಡು ಹೋಗುವುದಿಲ್ಲ.

ಹುಡುಗ ತನ್ನ ಕಪ್ಪು ಚಾಕುವನ್ನು ಬಿಸಾಡಲಿಲ್ಲ, ಕಪಾಟಿನಲ್ಲಿ ಇಟ್ಟ. ಹೊಸದೊಂದು ತರಿಸಿದ, ಗೊರಸಿನ ಅಲಗು, ಮರದ ಹಿಡಿ, ಎರಡೂವರೆ ಇಂಚು. ಅದು ಬಂದದ್ದೂ ಮೂರು ಸುತ್ತು ಟೇಪು ಹಚ್ಚಿದ ಪೆಟ್ಟಿಗೆಯಲ್ಲೇ. ಅವನು ಅದನ್ನು ಕೈಯಲ್ಲಿ ಹಿಡಿದು ಅತ್ತಿತ್ತ ನೋಡಿದ. ಅಮ್ಮ ಎಲೆಅಡಿಕೆ ಪೆಟ್ಟಿಗೆಯಿಂದ ಅಪ್ಪನ ಚಾಕು ತೆಗೆದು ಚಾಪೆಯ ಮೇಲಿಟ್ಟು ಅವನ ಕಡೆ ಸರಿಸಿದರು.

"ಇದರಲ್ಲಿ ಬಿಚ್ಚು ಮಗಾ. ಬಿಚ್ಚಿ ಕೂಡಲೇ ವಾಪಸು ಕೊಡು, ನನ್ನ ಎಲೆಯ ತೊಟ್ಟು ತೆಗೆಯಲಿಕ್ಕಿದೆ" ಎಂದರು.